ಕೊನೆಯ ಕಲ್ಲಿನ ನ್ಯಾಯ

ರಾಜ್ಯ ಎನ್ನುವುದು ಹೇಗೆ ಹುಟ್ಟಿತು ಎಂದು ತಿಳಿಯಲು ಹೋದರೆ ಪುಸ್ತಕಗಳು ಸಾವಿರಾರು ವರ್ಷ ಹಿಂದಕ್ಕೆ ಕರೆದೊಯ್ಯುತ್ತವೆ. ಮೊದಲು ರಕ್ತಸಂಬಂಧಿಗಳ ಸಣ್ಣ ಗುಂಪು, ಆಮೇಲೆ ಹಲವು ಗುಂಪು ಸೇರಿದ ಕುಲ, ಕುಲಗಳ ಮೇಲೊಬ್ಬ ನಾಯಕ, ನಾಯಕರ ಮೇಲೊಬ್ಬ ದೊರೆ, ಕಡೆಗೆ ಮುಖ ಪರಿಚಯ ಇಲ್ಲದವರಿಗೂ ಒಂದೇ ಕಾನೂನು ಎನ್ನುವ ಇಂದಿನ ವ್ಯವಸ್ಥೆ. ಈ ದಾರಿಯ ಬಹುಪಾಲನ್ನು ನಾನು ನೋಡಿದ್ದು ಬಟ್ಟೆ ಒಗೆಯುವ ಒಂದು ಕಟ್ಟೆಯಲ್ಲಿ. ನೀರಿನ ಪರೀಕ್ಷೆಗೆ ಮಾದರಿ ತೆಗೆಯುವ ಕೆಲಸ ನನ್ನದು. ಬಾಟಲಿ ತುಂಬಿಸಿಕೊಂಡು ಬರುವುದಕ್ಕೆ ಹೋದವನು ಆ ಕಟ್ಟೆಯ ಜನರ ಮಾತು ಕೇಳುತ್ತ ಕೂತುಬಿಡುತ್ತಿದ್ದೆ. ಹೆಚ್ಚು ಕೇಳಿದ್ದು ಕಲ್ಲಕ್ಕನ ಮಾತು.

ಕಟ್ಟೆ ಎಂದರೆ ಇಷ್ಟೇ: ಮೇಲೆ ಊಟೆಯ ನೀರು ತುಂಬುವ ತೊಟ್ಟಿ, ಅಲ್ಲಿಂದ ಇಳಿಜಾರಿನಲ್ಲಿ ಹರಿಯುವ ಕಾಲುವೆ, ಕಾಲುವೆಯ ಪಕ್ಕ ಸಾಲಾಗಿ ಒಗೆಯುವ ಕಲ್ಲುಗಳು. ಮೊದಲ ಕಲ್ಲಿಗೆ ಸಿಗುವುದು ಕನ್ನಡಿಯಂಥ ನೀರು. ಎರಡನೆಯದಕ್ಕೆ ಮೊದಲನೆಯವರ ಸೋಪಿನ ನೊರೆ. ಹೀಗೆ ಇಳಿದು ಇಳಿದು ಕೊನೆಯ ಕಲ್ಲಿಗೆ ಬರುವಾಗ ಅದರಲ್ಲಿ ಎಲ್ಲರ ಕೊಳೆಯೂ ಇರುತ್ತದೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜುಬಟ್ಟೆ, ಶಾಲೆಯ ಸಮವಸ್ತ್ರ, ಎಲ್ಲವೂ ಅಲ್ಲಿಗೇ ಬರುತ್ತಿದ್ದವು.

ಶುರುವಿನಲ್ಲಿ ಅಲ್ಲಿ ಇದ್ದದ್ದು ಅಕ್ಕತಂಗಿಯರ ಒಂದೇ ಸಂಸಾರ. ಹಿರಿಯವಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅಜ್ಜಿಗೆ ಅಧಿಕಾರ ಏನೂ ಇರಲಿಲ್ಲ, ವಯಸ್ಸು ಮಾತ್ರ ಇತ್ತು. ಜಗಳವಾದರೆ ಅವಳ ಪರಿಹಾರ ಒಂದೇ. "ಅವಳ ಮುಖ ನೋಡಕ್ಕೆ ಆಗಲ್ವಾ? ಕೆಳಗೆ ಇನ್ನೊಂದು ಕಲ್ಲು ಹಾಕ್ಕೋ." ಸಿಟ್ಟುಗೊಂಡವರು ನಾಲ್ಕು ಹೆಜ್ಜೆ ಕೆಳಗೆ ಹೋಗಿ ಹೊಸ ಕಲ್ಲು ನೆಟ್ಟುಕೊಳ್ಳುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ದೂರ ಹೋಗಲು ಜಾಗ ಇರುವಷ್ಟು ಕಾಲ ಯಾರಿಗೂ ಯಾರ ಆಳ್ವಿಕೆಯೂ ಬೇಕಾಗಿರಲಿಲ್ಲ.

ಆಮೇಲೆ ಇಳಿಜಾರಿನ ಬುಡದಲ್ಲಿ ರಸ್ತೆ ಬಂತು. ಕಾಲುವೆ ಮೋರಿಯೊಳಗೆ ನುಗ್ಗಿ ಮಾಯವಾಯಿತು. ಮೋರಿಯ ಆಚೆ ಕಲ್ಲು ಹಾಕುವ ಹಾಗಿಲ್ಲ. ಜಾಗ ಮುಗಿಯಿತು, ಜಗಳ ಮುಗಿಯಲಿಲ್ಲ.

ಅದೇ ಹೊತ್ತಿಗೆ ತೊಟ್ಟಿಯ ಪಕ್ಕ ಬಣ್ಣ ಹಾಕುವ ಕಾರ್ಖಾನೆಯೊಂದು ಶುರುವಾಗಿ, ಕಾಲುವೆಗೆ ಕೆಂಪು ನೀರು ಬಿಡತೊಡಗಿತು. ಅಜ್ಜಿಯ ಅಳಿಯನೊಬ್ಬ ತನ್ನ ತಮ್ಮಂದಿರನ್ನು ಕಟ್ಟಿಕೊಂಡು ಹೋಗಿ ಅದನ್ನು ನಿಲ್ಲಿಸಿದ. ಅವನ ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅಂದಿನಿಂದ ಅವನು ಇಡೀ ಕಟ್ಟೆಗೆ ಮೀಸೆ ಮಾವ. ಉಪಕಾರ ಮಾಡಿದವನ ಮನೆಯ ಬಟ್ಟೆಯನ್ನು ಒಮ್ಮೆ ಯಾರೋ ಪ್ರೀತಿಯಿಂದ ಒಗೆದುಕೊಟ್ಟರು. ಮರುವಾರ ಇನ್ನೊಬ್ಬರು ಕೊಟ್ಟರು. ಕೆಲವು ವರ್ಷಗಳಲ್ಲಿ ಅದು ಪ್ರೀತಿಯಾಗಿ ಉಳಿಯಲಿಲ್ಲ. ಪ್ರತಿ ಮನೆಯೂ ಮೀಸೆ ಮಾವನ ಮನೆಯ ಗಂಟು ಒಗೆಯಲೇಬೇಕಾಯಿತು, ಮೇಲಿನ ಕಲ್ಲುಗಳೆಲ್ಲ ಅವನ ಮಕ್ಕಳಿಗೇ ಹೋದವು.

"ಬೇಲಿ ಹಾಕಿದ್ದು ನಾವೇ. ಅದು ಎದ್ದು ಹೊಲ ಮೇಯ್ದಾಗ ಗೊತ್ತಾಯ್ತು," ಎನ್ನುತ್ತಿದ್ದ ಇಸ್ತ್ರಿ ತಾತ. ಕಟ್ಟೆಯ ಮೂಲೆಯ ಶೆಡ್ಡಿನಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು, ಯಾರ ಕಡೆಗೂ ಸೇರದೆ ಎಲ್ಲರನ್ನೂ ಛೇಡಿಸುತ್ತ ಬದುಕಿದ ಮುದುಕ ಅವನು.

ಕಲ್ಲಕ್ಕ ಬಂದದ್ದು ಮೀಸೆ ಮಾವನ ಕಾಲದಲ್ಲಿ. ಗಂಡ ತೀರಿಕೊಂಡಿದ್ದ, ಕಂಕುಳಲ್ಲಿ ಹೆಣ್ಣುಮಗು. ಕಟ್ಟೆಯಲ್ಲಿ ಅವಳಿಗೆ ಅತ್ತೆ, ಮಾವ, ಚಿಕ್ಕಮ್ಮ ಎನ್ನುವವರು ಯಾರೂ ಇರಲಿಲ್ಲ.

"ನೀನು ಯಾರ ಪೈಕಿ?" ಎಂದು ಮೀಸೆ ಮಾವ ಕೇಳಿದನಂತೆ.

"ಯಾರ ಪೈಕೀನೂ ಅಲ್ಲ. ಒಗೆಯೋಳು."

"ಹಾಗಿದ್ರೆ ಕೊನೇ ಕಲ್ಲಿಗೆ ಹೋಗು."

ಯಾರಿಗೂ ಬೇಡವಾದ ಆ ಕಲ್ಲಿನಲ್ಲಿ ಅವಳು ವರ್ಷಗಟ್ಟಲೆ ನಿಂತಳು. ಕಲ್ಲಕ್ಕ ಎಂಬ ಹೆಸರು ಬಂದದ್ದು ಹಾಗೆ. ಅಲ್ಲಿ ಒಗೆಯುವವರು ಇಳಿಜಾರಿನ ಮೇಲಕ್ಕೆ ಮುಖ ಮಾಡಿ ನಿಲ್ಲುವುದರಿಂದ ಇಡೀ ಸಾಲು ಅವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಅವಳಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಕಲೆ ತೆಗೆಯಲು ಬಾನಿಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿಟ್ಟವರು ಆ ನೀರನ್ನು ಕಾಲುವೆಗೇ ಚೆಲ್ಲಬೇಕು, ಬೇರೆ ದಾರಿ ಇಲ್ಲ. ಬಣ್ಣದ ಬಟ್ಟೆಗೆ ಅದು ತಗುಲಿದರೆ ಬಣ್ಣ ಸುಟ್ಟುಹೋಗುತ್ತದೆ. ಹಾಗಾಗಿ ಚೆಲ್ಲುವ ಮೊದಲು "ಬಿಡ್ತೀನಿ" ಎಂದು ಕೂಗಬೇಕು. ಎಲ್ಲರೂ ಬಟ್ಟೆ ಮೇಲೆತ್ತಿದ್ದನ್ನು ನೋಡಿ ಕೊನೆಯ ಕಲ್ಲಿನವರು "ಬಿಡು" ಎನ್ನಬೇಕು. ಆ "ಬಿಡು" ಬರದೆ ಯಾರೂ ಬಾನಿ ಬಗ್ಗಿಸುವಂತಿಲ್ಲ.

ಮೀಸೆ ಮಾವ ಸತ್ತ ಮೇಲೆ ಅವನ ಮಕ್ಕಳು ಮೊದಲ ಕಲ್ಲಿಗಾಗಿ ಬಡಿದಾಡಿಕೊಂಡರು. ಕೆಲಸ ನಿಂತಿತು. ಆಸ್ಪತ್ರೆಯವರು ಬಟ್ಟೆಯನ್ನು ಯಂತ್ರಕ್ಕೆ ಕೊಡುತ್ತೇವೆಂದು ಹೇಳಿ ಕಳಿಸಿದರು. ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಹೊಸ ಮೀಸೆ ಯಾವುದು ಎಂಬುದೇ ಅಲ್ಲಿಯ ಚರ್ಚೆ.

ಕಲ್ಲಕ್ಕ ಎದ್ದು ನಿಂತಳು. "ಮೀಸೆ ಬೇಡ. ಕಲ್ಲು ಯಾರದೂ ಆಗೋದು ಬೇಡ. ವಾರಕ್ಕೊಂದ್ಸಲ ಎಲ್ಲರೂ ಒಂದೊಂದು ಕಲ್ಲು ಮೇಲಕ್ಕೆ ಹೋಗೋಣ. ಮೊದಲನೇ ಕಲ್ಲಿನೋರು ಕೊನೇದಕ್ಕೆ ಇಳೀಲಿ. ಆ ವಾರ ಜಗಳ ಬಂದ್ರೆ ಕೊನೇ ಕಲ್ಲಿನೋರೇ ತೀರ್ಮಾನ ಹೇಳಲಿ."

"ಅವರೇ ಯಾಕೆ?"

"ಎಲ್ಲರ ಕೊಳೆ ಅವರ ಕಾಲಿಗೇ ತಾನೆ ಬರೋದು? ಯಾರು ಏನು ಮಾಡ್ತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ನಕ್ಕರು, ಬೈದರು, ಮೂರು ಸಂಜೆ ಕೂತು ಕೊನೆಗೆ ಒಪ್ಪಿದರು. ಒಪ್ಪದೇ ಉಳಿದವಳು ಮೀಸೆ ಮಾವನ ಹಿರಿಯ ಸೊಸೆ, ಕಟ್ಟೆಯವರ ಬಾಯಲ್ಲಿ ಮೀಸೆ ಸೊಸೆ. ಮೊದಲ ಕಲ್ಲು ಅವಳದಾಗಿತ್ತು. "ಯಾರ ಪೈಕೀನೂ ಅಲ್ಲದೋಳು ಬಂದು ನಮ್ಮ ಮನೆ ಕಲ್ಲು ಕಿತ್ಕೊಂಡ್ಳು," ಎಂದು ಅವಳು ಆಡಿಕೊಳ್ಳದ ದಿನವಿರಲಿಲ್ಲ. ಆದರೂ ತನ್ನ ಸರದಿ ಬಂದಾಗ ಇಳಿಯುತ್ತಿದ್ದಳು.

ಒಪ್ಪಿದ ನಿಯಮಗಳನ್ನು ಶೆಡ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಬೇರೆಯವರ ಬಟ್ಟೆ ಕೆಡಿಸಿದರೆ ಶಿಕ್ಷೆ: ಒಂದು ಸುತ್ತು ಕಲ್ಲಿಲ್ಲ, ಸಭೆಯಲ್ಲಿ ಮಾತಿಲ್ಲ. ಸುತ್ತು ಎಂದರೆ ಸರದಿ ಎಲ್ಲ ಕಲ್ಲುಗಳನ್ನೂ ಮುಗಿಸಿ ಬರುವಷ್ಟು ಕಾಲ. ಪದೇ ಪದೇ ಕೆಡಿಸಿದವರನ್ನು ಪೂರ್ತಿ ಹೊರಗಿಡುವ ಅಧಿಕಾರವೂ ಕೊನೆಯ ಕಲ್ಲಿಗಿತ್ತು. ನಗರಸಭೆಯವರು ಒಮ್ಮೆ ಬಂದು ಕಲ್ಲುಗಳಿಗೆ ನಂಬರು ಹೊಡೆದು, "ಇಲ್ಲಿ ಮುಖ್ಯಸ್ಥರು ಯಾರು?" ಎಂದು ಕೇಳಿದರು. ಕಲ್ಲಕ್ಕ, "ಈ ವಾರದ್ದು ಬೇಕೋ, ಮುಂದಿನ ವಾರದ್ದೋ?" ಎಂದಳಂತೆ. ಗುಮಾಸ್ತ ತನ್ನ ಕಾಗದದಲ್ಲಿ ಆ ಜಾಗವನ್ನು ಖಾಲಿ ಬಿಟ್ಟುಕೊಂಡು ಹೋದ.

ಈಗ ನಾನು ಹೇಳಹೊರಟ ಬೆಳಿಗ್ಗೆಗೆ ಬರುತ್ತೇನೆ.

ಅದು ಕಲ್ಲು ಬದಲಾಗುವ ದಿನ. ಕೊನೆಯ ಕಲ್ಲಿನಲ್ಲಿ ಒಂದು ವಾರ ಮುಗಿಸಿದ ಕಲ್ಲಕ್ಕ ಒಂದು ಕಲ್ಲು ಮೇಲೆ ಬಂದಿದ್ದಳು. ಅವಳ ಹಿಂದೆ, ಕೊನೆಯ ಕಲ್ಲಿಗೆ, ಮೇಲಿಂದ ಇಳಿದು ಬಂದವಳು ಮೀಸೆ ಸೊಸೆ. ಅವಳು ಆಗಷ್ಟೇ ಗಂಟು ಬಿಚ್ಚಿ ಶಾಲೆಯ ನೀಲಿ ಸಮವಸ್ತ್ರಗಳನ್ನು ಕಾಲುವೆಗೆ ಇಳಿಸಿದ್ದಳು. ಮೇಲಿನಿಂದ ಅವಳ ಮೈದುನ, ಮೀಸೆ ಮಾವನ ಕಿರಿಯ ಮಗ, "ಬಿಡ್ತೀನಿ" ಎಂದು ಕೂಗಿದ. ಕಲ್ಲಕ್ಕ ತಲೆಯೆತ್ತಿ ಮೇಲಿನ ಸಾಲು ನೋಡಿದಳು. ಎಲ್ಲರ ಬಟ್ಟೆಯೂ ಮೇಲಿತ್ತು.

"ಬಿಡು," ಎಂದಳು.

ಅಷ್ಟು ವರ್ಷ ಬೆನ್ನ ಹಿಂದೆ ಮೋರಿ ಬಿಟ್ಟರೆ ಬೇರೇನೂ ಇರದಿದ್ದ ಹೆಂಗಸು. ನಾಲಗೆ ತಾನಾಗಿಯೇ ಹೊರಳಿತು. ಬ್ಲೀಚಿನ ನೀರು ಅವಳ ಕಾಲು ದಾಟಿ ಹೋದ ಮೇಲೆ ಹಿಂದಿನಿಂದ ಮೀಸೆ ಸೊಸೆಯ ದನಿ ಕೇಳಿತು. ನೀಲಿ ಲಂಗಗಳ ಮೇಲೆ ಬಿಳಿ ಮಚ್ಚೆಗಳು ಮೂಡಿದ್ದವು.

ಸಂಜೆ ಶೆಡ್ಡು ತುಂಬಿತು. ಪರಿಸ್ಥಿತಿ ಎಲ್ಲರಿಗೂ ಗೊತ್ತಿತ್ತು. ತಪ್ಪು ಮಾಡಿದವಳು ಕಲ್ಲಕ್ಕ. ಆ ವಾರ ತೀರ್ಪು ಹೇಳಬೇಕಾದವಳು ಮೀಸೆ ಸೊಸೆ, ಬಟ್ಟೆ ಕೆಟ್ಟದ್ದೂ ಅವಳದೇ. ಹಳೆಯ ಸಿಟ್ಟಿಗೆ ಕಲ್ಲಕ್ಕನನ್ನು ಕಟ್ಟೆಯಿಂದಲೇ ಹೊರಗೆ ಹಾಕಿದರೆ? ಅವಳಿಗೆ ಆ ಕಲ್ಲು ಬಿಟ್ಟರೆ ಬೇರೆ ಬದುಕಿಲ್ಲ.

"ಕೆಟ್ಟಿದ್ದು ಅವಳ ಬಟ್ಟೆ, ತೀರ್ಪು ಹೇಳೋಳೂ ಅವಳೇ. ಇದ್ಯಾವ ನ್ಯಾಯ?" ಎಂದಳು ಕಲ್ಲಕ್ಕನ ಮಗಳು. ಅವಳೀಗ ಬೆಳೆದು ಇಸ್ತ್ರಿ ತಾತನ ಪಕ್ಕ ಮೇಜು ಹಾಕಿಕೊಂಡಿದ್ದಳು. "ನಿಯಮದಲ್ಲೇ ತೂತಿದೆ. ಬದಲಾಯಿಸೋಣ. ಕೈ ಎತ್ತಿ."

ಕೈಗಳು ಏಳತೊಡಗಿದವು. ಹೆಚ್ಚಿನವರು ಕಲ್ಲಕ್ಕನ ಕಡೆಯವರೇ. ಮೀಸೆ ಸೊಸೆ ಎದುರು ಗೋಡೆಗೆ ಒರಗಿ, ಆ ಕೈಗಳನ್ನು ನೋಡುತ್ತ ನಿಂತಿದ್ದಳು.

"ಇಳಿಸ್ರಿ," ಎಂದಳು ಕಲ್ಲಕ್ಕ.

"ಅಮ್ಮಾ, ನೀನು ಸುಮ್ನಿರು."

"ನೀನು ಸುಮ್ನಿರು. ನಿಯಮದಲ್ಲಿ ತೂತಿದೆ, ನಿಜ. ಅದನ್ನ ಬರೆಸಿದ ದಿನ ನನಗೆ ಕಾಣಲಿಲ್ಲ. ಆದ್ರೆ ಇವತ್ತು ನನ್ನ ಕಾಲು ಸಿಕ್ಕಿಹಾಕ್ಕೊಂಡಿದೆ ಅಂತ ಇವತ್ತೇ ಮುಚ್ಚಿದ್ರೆ, ಅದು ನಿಯಮ ಹೇಗಾಗುತ್ತೆ? ನಮ್ಮ ಮನೆ ಮಾತಾಗುತ್ತೆ. ಮೀಸೆ ಮಾವನೂ ಅದನ್ನೇ ಮಾಡ್ತಿದ್ದಿದ್ದು."

"ಅವಳು ನಿನ್ನ ಓಡಿಸಿದ್ರೆ?"

"ಓಡಿಸಿದ್ರೆ ಹೋಗ್ತೀನಿ. ತೀರ್ಪು ಇದ್ದ ನಿಯಮದ ಪ್ರಕಾರ ಆಗ್ಲಿ. ಅದು ಮುಗಿದ ಮೇಲೆ ಬೇಕಾದ್ರೆ ತೂತು ಮುಚ್ಚಿ, ಮುಂದೆ ಬರೋರಿಗೆ. ನನಗಲ್ಲ."

ಮಗಳ ಕಣ್ಣು ತುಂಬಿತು. "ಇಂಥಾ ಹಟ ಯಾರಿಗೆ ಬೇಕಾಗಿತ್ತು?"

"ಉಪ್ಪು ತಿಂದೋಳು ನೀರು ಕುಡೀಬೇಕು ಕಣೇ," ಎಂದ ಇಸ್ತ್ರಿ ತಾತ. "ನಿಮ್ಮಮ್ಮ ಬ್ಲೀಚನ್ನೇ ಕುಡೀತೀನಿ ಅಂತಿದ್ದಾಳೆ." ಕೈಗಳು ಒಂದೊಂದಾಗಿ ಇಳಿದವು.

ಕಲ್ಲಕ್ಕ ಮೀಸೆ ಸೊಸೆಯ ಕಡೆ ತಿರುಗಿದಳು. "ಹೇಳಮ್ಮ. 'ಬಿಡು' ಅಂದಿದ್ದು ನಾನು. ನನ್ನ ಸರದಿ ಮುಗಿದಿತ್ತು, ಹಿಂದೆ ನೀನಿದ್ದೆ, ನಾನು ತಿರುಗಿ ನೋಡಲಿಲ್ಲ."

ಮೀಸೆ ಸೊಸೆ ಗೋಡೆಯ ಬರಹದ ಕಡೆ ತಿರುಗಿದಳು. ಹೊರಹಾಕುವುದು ಅವಳ ಕೈಯಲ್ಲಿತ್ತು. ಹಿಂದೊಮ್ಮೆ ಕಲ್ಲಕ್ಕ ಹೊಸ ಕರವಸ್ತ್ರಗಳಿಗೆ ಬಣ್ಣ ಹತ್ತಿಸಿದ್ದಳು, ಅದನ್ನು ಎತ್ತಿ ಆಡಿದ್ದರೆ ಪದೇ ಪದೇ ಎಂದು ಹೇಳಬಹುದಿತ್ತು. ಎತ್ತಿ ಆಡುವುದರಲ್ಲಿ ಅವಳು ಹಿಂದೆ ಬಿದ್ದವಳೂ ಅಲ್ಲ.

"ಒಂದು ಸುತ್ತು," ಎಂದಳು ಕೊನೆಗೆ. "ಗೋಡೆ ಮೇಲೆ ಅಷ್ಟೇ ಬರೆದಿರೋದು."

ಶೆಡ್ಡಿನಲ್ಲಿ ಉಸಿರು ಬಿಟ್ಟ ಸದ್ದಾಯಿತು.

"ಸಮಾಧಾನ ಆಯ್ತು ಅಂದ್ಕೋಬೇಡ," ಎಂದಳು ಮೀಸೆ ಸೊಸೆ. "ನಿನ್ನ ಮೇಲಿನ ಸಿಟ್ಟು ಹಾಗೇ ಇದೆ."

"ಇರ್ಲಿ. ಸಿಟ್ಟಿಗೆ ಗೋಡೇಲಿ ನಿಯಮ ಇಲ್ಲ."

"ಹಾಗಿದ್ರೆ ನಿನ್ನ ಮೈದುನ?" ಎಂದು ಯಾರೋ ಕೇಳಿದರು. "ಅವನೂ ಕೊನೇ ಕಲ್ಲು ಯಾರದು ಅಂತ ನೋಡದೇ ಬಗ್ಗಿಸಿದ್ನಲ್ಲ?"

ಮೈದುನ ಅತ್ತಿಗೆಯ ಮುಖ ನೋಡಿದ. ಆ ಮನೆಯಲ್ಲಿ ಮನೆಯವರನ್ನು ಬಿಟ್ಟುಕೊಟ್ಟ ಚರಿತ್ರೆಯೇ ಇರಲಿಲ್ಲ.

"ಅವನು ನಮ್ಮನೆಯೋನು," ಎಂದಳು ಮೀಸೆ ಸೊಸೆ. "ಅವನ ವಿಷಯ ನಾನು ಹೇಳಲ್ಲ. ಮುಂದಿನ ವಾರದೋರು ಹೇಳಲಿ."

"ಅತ್ತಿಗೇ..."

"ಅತ್ತಿಗೆ ಮನೇಲಿ. ಇಲ್ಲಿ ಕೊನೇ ಕಲ್ಲು."

ಪುಸ್ತಕಗಳಲ್ಲಿ ಗುಂಪು, ಕುಲ, ನಾಯಕ, ರಾಜ್ಯ ಎನ್ನುವುದು ಮೆಟ್ಟಿಲುಗಳ ಹಾಗೆ ಕಾಣುತ್ತದೆ, ಒಂದನ್ನು ಹತ್ತಿದರೆ ಹಿಂದಿನದು ಬಿಟ್ಟುಹೋದ ಹಾಗೆ. ಕಟ್ಟೆಯಲ್ಲಿ ಹಾಗಿರಲಿಲ್ಲ. ಅಜ್ಜಿಯ ಸಂಸಾರ, ಮೀಸೆ ಮಾವನ ಗತ್ತು, ಗೋಡೆಯ ಬರಹ, ನಗರಸಭೆಯ ನಂಬರು, ನಾಲ್ಕೂ ಒಟ್ಟಿಗೇ ಇದ್ದವು, ಮೀಸೆ ಸೊಸೆ ಎಂಬ ಒಬ್ಬಳೇ ಹೆಂಗಸಿನ ಒಳಗೂ ಇದ್ದವು. ಯಾವ ಹೊತ್ತಿನಲ್ಲಿ ಯಾವುದರ ಮಾತು ಕೇಳಬೇಕು ಎಂದು ಅವಳೇ ತೀರ್ಮಾನ ಮಾಡಬೇಕಿತ್ತು.

ಮರುದಿನದಿಂದ ಕಲ್ಲಕ್ಕ ಕಲ್ಲಿಗೆ ಇಳಿಯಲಿಲ್ಲ. ಇತರರು ಹಿಂಡಿಟ್ಟ ಬಟ್ಟೆಗಳನ್ನು ಹೊತ್ತು ಒಣಹಾಕುವ ತಂತಿಗಳವರೆಗೆ ಸಾಗಿಸುವ ಕೂಲಿ ಹಿಡಿದಳು. ಆ ವಯಸ್ಸಿಗೆ ಅದು ಸುಲಭದ ಕೆಲಸವಲ್ಲ. ಮಗಳು ಬೇಡವೆಂದರೂ ಕೇಳಲಿಲ್ಲ. ಮೊದಲ ದಿನಗಳಲ್ಲಿ ಮೀಸೆ ಸೊಸೆ ತನ್ನ ಬಟ್ಟೆಯನ್ನು ಬೇರೆಯವರ ತಲೆಗೆ ಹೊರಿಸುತ್ತಿದ್ದಳು. ಆಮೇಲಾಮೇಲೆ ಕಲ್ಲಕ್ಕನಿಗೇ ಕೊಟ್ಟಳು, ಆದರೆ ನೀರನ್ನು ಗಟ್ಟಿಯಾಗಿ ಹಿಂಡಿ ಹಗುರ ಮಾಡಿ ಕೊಟ್ಟಳು.

ತೂತು ಮುಚ್ಚುವ ಸಭೆ ನಡೆದದ್ದು ಆ ಸುತ್ತಿನ ನಡುವೆಯೇ. ನಾನು ಅಂದು ಬಾಟಲಿಗಳೊಂದಿಗೆ ಅಲ್ಲಿದ್ದೆ. ಕಲ್ಲಕ್ಕನಿಗೆ ಮಾತಾಡುವ ಹಕ್ಕಿಲ್ಲ. ಶೆಡ್ಡಿನ ಹೊರಗೆ ಒದ್ದೆ ಬಟ್ಟೆಯ ಗಂಟಿನ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಒಳಗಿನ ಗದ್ದಲ ಕೇಳುತ್ತಿದ್ದಳು. ಬಟ್ಟೆ ಕೆಟ್ಟವರೇ ಕೊನೆಯ ಕಲ್ಲಿನವರಾದರೆ ಅವರು ತೀರ್ಪು ಹೇಳಬಾರದು ಎಂಬುದರಲ್ಲಿ ಜಗಳವಿರಲಿಲ್ಲ. ಆಗ ಯಾರು ಹೇಳಬೇಕು ಎಂಬುದಕ್ಕೆ ಜಗಳ. ಕಡೆಗೆ, ಎರಡು ಬೇರೆ ಬೇರೆ ಮನೆಗಳಿಂದ ಇಬ್ಬರನ್ನು ಆರಿಸುವುದೆಂದು ಕೈ ಎತ್ತಿದರು.

ಇಸ್ತ್ರಿ ತಾತ ಹೊರಗೆ ಬಂದು ಸುದ್ದಿ ಹೇಳಿದ.

"ಇಬ್ಬರಾ?" ಕಲ್ಲಕ್ಕನಿಗೆ ತಡೆಯಲಾಗಲಿಲ್ಲ. "ಇಬ್ಬರೂ ಬೇರೆ ಬೇರೆ ಹೇಳಿದ್ರೆ ಏನ್ ಮಾಡ್ತಾರಂತೆ? ನನ್ನ ಕೇಳಿದ್ರೆ ಮೂವರು ಅಂತಿದ್ದೆ."

"ನಿನ್ನ ಯಾರೂ ಕೇಳಲಿಲ್ವಲ್ಲ."

ಕಲ್ಲಕ್ಕ ಶೆಡ್ಡಿನ ಬಾಗಿಲ ಕಡೆ ಕಿವಿಗೊಟ್ಟಳು. ಒಳಗೆ ಅವಳ ಮಗಳೂ ಮೀಸೆ ಸೊಸೆಯೂ ಗೋಡೆಯ ಮೇಲೆ ಹೊಸ ಸಾಲು ಎಲ್ಲಿ ಬರೆಸಬೇಕೆಂದು ದನಿ ಎತ್ತಿ ವಾದಿಸುತ್ತಿದ್ದರು.

"ಹೌದು, ಕೇಳಲಿಲ್ಲ," ಎಂದಳು ಕಲ್ಲಕ್ಕ. "ನಡೀತಲ್ಲ, ಸಾಕು. ಈ ಗಂಟು ತಲೆಗೆ ಎತ್ತಿಕೊಡು, ಬಿಸಿಲು ಹೋಗುತ್ತೆ."