ಅವ್ವ ಹಿಡಿದು ಮಲಗಿದ ಗಾಳಿ ಪೈಪು

ನಮ್ಮಪ್ಪ ಮಲಕಾಜಪ್ಪ ಬನಹಟ್ಟಿಯಲ್ಲಿ ಮೂವತ್ತೊಂಬತ್ತು ವರ್ಷ ಸೀರೆ ನೇಯ್ದ. ಮೊದಲು ಕೈಮಗ್ಗದಲ್ಲಿ, ಆಮೇಲೆ ಬೇರೆಯವರ ಪಾವರ್‌ಲೂಮಿನಲ್ಲಿ, ಅದೂ ರಾತ್ರಿ ಪಾಳಿ. ಸಂಜೆ ಎಂಟಕ್ಕೆ ಹೋದವನು ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ರೊಟ್ಟಿ ತಿಂದು, ಒಂಬತ್ತಕ್ಕೆ ಮಲಗಿ ಮೂರಕ್ಕೆ ಏಳುತ್ತಿದ್ದ. ಅವ್ವನೂ ರಾತ್ರಿಯೆಲ್ಲ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಅವನ ಜೊತೆಗೇ ಮಲಗುತ್ತಿದ್ದಳು. ಊರಿಗೆಲ್ಲ ಹಗಲಾದಾಗ ನಮ್ಮ ಮನೆಯಲ್ಲಿ ರಾತ್ರಿ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ನಮ್ಮ ಓಣಿಯ ಅರ್ಧ ಮನೆಗಳು ಹೀಗೇ. ಆದರೆ ನಮ್ಮಪ್ಪನ ಗೊರಕೆಯಂಥ ಗೊರಕೆ ಇನ್ನೊಂದು ಮನೆಯಲ್ಲಿ ಇರಲಿಲ್ಲ.

ಗೊರಕೆ ಅಂದ ಕೂಡಲೇ ಜನ ನಗುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ. ನಗುವವರು ಒಂದು ದಿನ ಬಂದು ನಮ್ಮಪ್ಪನ ಮಗ್ಗುಲಲ್ಲಿ ಕೂತು ನೋಡಬೇಕಿತ್ತು. ದಡದಡ ಹೊಡೆಯುತ್ತಿದ್ದ ಗೊರಕೆ ನಡುವೆ ಥಟ್ಟನೆ ನಿಲ್ಲುತ್ತಿತ್ತು. ಎದೆ ಏರಿಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿ ಕಪ್ಪಿಡುತ್ತಿತ್ತು. ಆಗ ನಮ್ಮವ್ವ ಇಂದ್ರವ್ವ ಮೊಣಕೈಯಿಂದ ಪಕ್ಕೆಗೆ ತಿವಿಯಬೇಕು. ಅವನು ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸಬೇಕು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಹೀಗೆ ಹನ್ನೊಂದು ವರ್ಷ.

ಗೋಡೆಯಾಚೆ ಹತ್ತಾರು ಮಗ್ಗ ಓಡುತ್ತಿರುವಾಗ ಈ ಒಂದು ಉಸಿರು ನಿಂತದ್ದು ಅವಳಿಗೆ ಹೇಗೆ ತಿಳಿಯುತ್ತಿತ್ತು ಎಂದು ಹೊರಗಿನವರು ಕೇಳುತ್ತಾರೆ. ಮಗ್ಗದ ಮನೆಯವರ ಕಿವಿ ಹಾಗೇ. ಸಪ್ಪಳದಲ್ಲಿ ನಮಗೆ ನಿದ್ದೆ ಬರುತ್ತದೆ, ಸಪ್ಪಳ ನಿಂತರೆ ಎಚ್ಚರವಾಗುತ್ತದೆ. ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು, ಕರೆಂಟು ಹೋದರೆ ಓಣಿಯೇ ನಿಲ್ಲುತ್ತದೆ. ಕರೆಂಟು ಹೋದ ಗಳಿಗೆಗೆ ನಮ್ಮ ಓಣಿಯಲ್ಲಿ ತೊಟ್ಟಿಲ ಕೂಸುಗಳು ಎದ್ದು ಅಳುತ್ತವೆ. ಸಪ್ಪಳ ಇಲ್ಲವೆಂದರೆ ಏನೋ ಕೆಟ್ಟಿದೆ, ಎದ್ದು ನೋಡಬೇಕು. ಅವ್ವ ಹುಟ್ಟಿದಾಗಿನಿಂದ ಕಲಿತದ್ದು ಅಷ್ಟು.

ನಾನು ಜಮಖಂಡಿಯಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರವಿವಾರ ಬಸ್ಸು ಹತ್ತಿ ಬನಹಟ್ಟಿಗೆ ಬರುತ್ತೇನೆ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಅಪ್ಪ ಓಡುತ್ತಿರುವ ಮಗ್ಗದ ಮುಂದೆ ನಿಂತಲ್ಲೇ ತೂಕಡಿಸಿ ಬಿದ್ದ. ಹಣೆ ಒಡೆದು ಮೂರು ಹೊಲಿಗೆ ಬಿದ್ದವು. ಅವನನ್ನು ಬೆಳಗಾವಿಗೆ ಎಳೆದುಕೊಂಡು ಹೋದೆ. ಒಂದು ರಾತ್ರಿ ತಲೆಗೆ, ಎದೆಗೆ ವೈರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ತಾಸಿಗೆ ಅರವತ್ತೊಂದು ಸಲ ಉಸಿರು ಕಟ್ಟುತ್ತದೆ, ಹೃದಯ ಆಗಲೇ ದಣಿದಿದೆ, ಗಾಳಿ ತಳ್ಳುವ ಮಷೀನು ಹಾಕಿಕೊಂಡೇ ಮಲಗಬೇಕು, ಇಲ್ಲದಿದ್ದರೆ ನಿದ್ದೆಯಲ್ಲೇ ಹೋಗಬಹುದು ಎಂದು ಡಾಕ್ಟರು ಬಿಚ್ಚಿಯೇ ಹೇಳಿದರು.

ಮಷೀನು ಬಂತು. ಮುಧೋಳದಲ್ಲಿ ಇಂಥವನ್ನು ಮಾರುವ ರಾಜಕುಮಾರ ಅದನ್ನು ಮನೆಗೆ ತಂದು ಜೋಡಿಸಿ ತೋರಿಸಿದ. ಪುಟ್ಟ ಡಬ್ಬಿ, ಅದರಿಂದ ಸುರುಳಿ ಸುರುಳಿಯಾದ ಬೂದು ಬಣ್ಣದ ಪೈಪು, ಪೈಪಿನ ತುದಿಗೆ ಮೂಗು ಮುಚ್ಚುವ ಮಾಸ್ಕು. ಇದನ್ನು ಸರಿಯಾಗಿ ಹಾಕಿಕೊಂಡವರು ಗೊರಕೆ ಹೊಡೆಯುವುದಿಲ್ಲ ಎಂದೂ ಅವನು ಆ ದಿನವೇ ಹೇಳಿದ. ಆ ಮಾತನ್ನು ನಾನು ಎರಡೂ ಕಿವಿಯಿಂದ ಕೇಳಿದ್ದೇನೆ. ಅಪ್ಪ ಮಾಸ್ಕು ಹಾಕಿಕೊಂಡು ಕನ್ನಡಿ ನೋಡಿಕೊಂಡ.

"ಸೊಂಡಿ ಬಂತಲ್ಲ, ಗಣಪ್ಪ ಆದ್ನಿ," ಎಂದ ಅವ್ವನಿಗೆ. "ಇನ್ನ ಕಡಬ ಮಾಡ್ಕೋತ ಕುಂದ್ರು."

"ಮೊದಲ ಮಕ್ಕೊಳ್ರಿ ಸುಮ್ಮನ, ಕಡಬ ಅಂತ ಕಡಬ," ಎಂದಳು ಅವ್ವ. ಅವಳು ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ.

ಮಷೀನಿನದು ತಕರಾರಿರಲಿಲ್ಲ, ತಕರಾರೆಲ್ಲ ಪೈಪಿನದು. ಮಗ್ಗುಲಾದರೆ ಬೆನ್ನ ಕೆಳಗೆ ಸಿಗುತ್ತಿತ್ತು, ಇನ್ನೊಂದು ಮಗ್ಗುಲಾದರೆ ಕುತ್ತಿಗೆ ಸುತ್ತುತ್ತಿತ್ತು. ತಲೆಯ ಮೇಲೆ ಒಂದು ಕೊಕ್ಕೆ ಹೊಡೆದು, ಪೈಪನ್ನು ಸಡಿಲವಾಗಿ ತೂಗುಬಿಡಿ ಎಂದ ರಾಜಕುಮಾರ. ಅಪ್ಪ ತೊಲೆಗೆ ಮೊಳೆ ಹೊಡೆದು, ಹಳೆಯ ಮಗ್ಗದ ಹುರಿ ತಂದು, ಪೈಪನ್ನು ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸಿನ ಎಳೆಯಂತೆ ಬಿಗಿದು ಕಟ್ಟಿದ. ಅವನು ಹೊರಳಿದಾಗಲೆಲ್ಲ ಪೈಪು ಮಾಸ್ಕನ್ನು ಜಗ್ಗುತ್ತಿತ್ತು, ಸಂದಿನಿಂದ ಗಾಳಿ ನುಗ್ಗಿ ಕಣ್ಣಿಗೆ ಹೊಡೆಯುತ್ತಿತ್ತು. ಮುಂದಿನ ರವಿವಾರ ನಾನು ಬಂದಾಗ ಕಣ್ಣು ಕೆಂಡದಂತಿದ್ದವು.

"ಸಡ್ಲ ಬಿಡಪಾ ಅದನ್ನ," ಎಂದೆ.

"ಸಡ್ಲ ಬಿಟ್ರ ತೊಡಕ ಬೀಳತೈತಿ."

"ಅದೇನ್ ನೂಲೇನ, ತೊಡಕ ಬೀಳಾಕ?"

"ಸಡ್ಲ ಎಳಿ ಕಣ್ಣಿಗಿ ಬಿದ್ರ ನಂಗ ನಿದ್ದಿ ಹತ್ತೂದಿಲ್ಲ, ನೇತ್ರಾ. ಕೈ ತಾನ ಬಿಗೀತೈತಿ."

ಎರಡು ಮೊಳ ಸಡಿಲ ಬಿಟ್ಟು ನಾನೇ ಕಟ್ಟಿ ಹೋದೆ. ಮರುವಾರ ಬಂದು ನೋಡಿದರೆ ಮತ್ತೆ ಬಿಗಿ. ಮೂರನೆಯ ವಾರ ಹುರಿಯನ್ನೇ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ, ಕೈಯೂ ಅಷ್ಟೇ. ಆಮೇಲೆ ಪೈಪು ಸಡಿಲವಾಗಿಯೇ ಇತ್ತು, ಗೊರಕೆ ನಿಂತಿತು, ಉಸಿರು ಸಲೀಸಾಯಿತು.

ಗೊರಕೆ ನಿಂತದ್ದೇ ಅವ್ವನಿಗೆ ಕೇಡಾಯಿತು. ಮಗ್ಗುಲಲ್ಲಿ ಸಪ್ಪಳವಿಲ್ಲ. ಅವಳು ಗಾಬರಿಯಾಗಿ ಎದ್ದು ತಿವಿಯುತ್ತಿದ್ದಳು. ಚೆನ್ನಾಗಿ ಮಲಗಿದ್ದ ಅಪ್ಪ ಬೆಚ್ಚಿ ಏಳುತ್ತಿದ್ದ, ಮಾಸ್ಕು ಸರಿಯುತ್ತಿತ್ತು. ಸಪ್ಪಳ ಇಲ್ಲದ್ದೇ ಒಳ್ಳೆಯದು ಎಂದು ನಾನು ಹೇಳಿದ್ದು ಅವಳ ತಲೆಗೆ ಹೋಗುತ್ತಿತ್ತು, ಕಿವಿಗೆ ಹೋಗುತ್ತಿರಲಿಲ್ಲ. ಕೊನೆಗೆ ತಾನೇ ಒಂದು ದಾರಿ ಕಂಡುಕೊಂಡಳು. ತೂಗುತ್ತಿದ್ದ ಪೈಪಿನ ನಡುವನ್ನು ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದು ಮಲಗಿದಳು.

"ಗಾಳಿ ಓಡೂದು ಕೈಗೆ ಗೊತ್ತಾಗತೈತಿ," ಎಂದಳು ನನಗೆ. "ಸಣ್ಣಗ ನಡಗತೈತಿ ನೋಡು. ಇದು ನಡಗೂತನಾ ನಿಮ್ಮಪ್ಪಗ ಏನೂ ಆಗೂದಿಲ್ಲ."

ಹಿಡಿದು ಮಲಗಿದಳು ಅಂದೆನಲ್ಲ, ಹಿಡಿದು ಎಚ್ಚರವಿದ್ದಳು ಅನ್ನಬೇಕು. ಅಪ್ಪ ತುಸು ಹೊರಳಿದರೆ ಪೈಪು ಅವಳ ಮುಷ್ಟಿಯಲ್ಲಿ ಸರಿಯುತ್ತಿತ್ತು, ಅವಳು ಎದ್ದು ಕೂರುತ್ತಿದ್ದಳು. ಮೂರಕ್ಕೆ ಎದ್ದ ಮೇಲೆ ಕಂಡಿಕೆ ಸುತ್ತಲು ಕೂರಬೇಕು, ಅಡಿಗೆ ಮಾಡಬೇಕು, ಅಪ್ಪನ ಬುತ್ತಿ ಕಟ್ಟಬೇಕು. ಶ್ರಾವಣದಲ್ಲಿ ಒಂದು ಸಂಜೆ ಕಂಡಿಕೆ ಸುತ್ತುತ್ತ ಸುತ್ತುತ್ತ ರಾಟೆಯ ಮೇಲೆಯೇ ಕುಸಿದಳು. ಜಮಖಂಡಿಗೆ ಕರೆತಂದು ತೋರಿಸಿದೆ. ಬಿ.ಪಿ. ಇನ್ನೂರಕ್ಕೆ ಹತ್ತಿರವಿತ್ತು. ನಿದ್ದೆ ಮಾಡದಿದ್ದರೆ ಯಾವ ಗುಳಿಗೆಯೂ ನಾಟುವುದಿಲ್ಲ, ತಲೆಯಲ್ಲಿ ನರ ಒಡೆದು ಹೋಗುತ್ತಾಳೆ ಎಂದರು.

ಆ ರವಿವಾರ ಅವ್ವ ನಲ್ಲಿ ನೀರಿಗೆ ಹೋದಾಗ ನಾನು ಅಪ್ಪನ ಮುಂದೆ ನಿಂತೆ. ಅವನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ನಿನ್ನ ಉಸಿರ ಕಾಯ್ಕೋತ ಅವ್ವ ಸಾಯ್ತಾಳಪಾ," ಎಂದೆ. "ಹನ್ನೊಂದು ವರ್ಷ ಆತು ಆಕಿ ಕಣ್ಣ ಮುಚ್ಚಿ. ನಿಂಗ ಮಷೀನ್ ಐತಿ, ಡಾಕ್ಟರ್ ಅದಾರ, ನಾ ಅದೇನಿ. ಆಕಿಗೆ ಯಾರದಾರ? ನಿಂಗ ಒಂದಿನಾರ ಅನಿಸೇತೇನ?"

ಅಪ್ಪ ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು ಕೂತ. "ಖರೆ ಐತಿ," ಎಂದ. ಆ ದಿನ ಎಲೆ ಹಾಕಿಕೊಳ್ಳಲಿಲ್ಲ.

ಅದಾದ ಮೇಲೆ ನಾಲ್ಕೈದು ತಿಂಗಳು ನಮ್ಮ ಮನೆಗೆ ಒಳ್ಳೆಯ ಕಾಲ ಬಂತು ಎಂದುಕೊಂಡೆ. ಅವ್ವ ಮಲಗತೊಡಗಿದಳು. ಪೈಪು ಕೈಯಲ್ಲೇ ಇರುತ್ತಿತ್ತು, ಆದರೆ ಮಧ್ಯಾಹ್ನ ಮೂರರವರೆಗೆ ಎಚ್ಚರವಿಲ್ಲ. ಮುಖಕ್ಕೆ ಕಳೆ ಬಂತು, ಬಿ.ಪಿ. ಇಳಿಯಿತು. ಅಪ್ಪ ಮಾತ್ರ ಸೊರಗಿದಂತೆ ಕಂಡ. ಕೇಳಿದರೆ ಸೀಸನ್ನಿನ ಕೆಲಸ ಜಾಸ್ತಿ ಎಂದ. ನಂಬಿದೆ.

"ಈಗ ಮಷೀನ್ ಹಾಕ್ಕೊಂಡ್ರೂ ಗೊರಕಿ ಹೊಡೀತಾರ ನೋಡು ನಿಮ್ಮಪ್ಪ," ಎಂದಳು ಅವ್ವ ಒಂದು ದಿನ, ರೊಟ್ಟಿ ಬಡಿಯುತ್ತ. "ಅರೆನಿದ್ದ್ಯಾಗ ಅದು ಕಿವಿಗಿ ಬಿದ್ರ ಗಡದ್ದ ನಿದ್ದಿ ಹತ್ತತೈತಿ ನಂಗ. ಆ ಸಪ್ಪಳ ಇದ್ರನ ಛಲೋ."

ನಾನು ನಕ್ಕೆ. ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುವ ನಾನು, ಮಾಸ್ಕು ಹಾಕಿದವರು ಗೊರಕೆ ಹೊಡೆಯುವುದಿಲ್ಲ ಎಂದು ಕೇಳಿಸಿಕೊಂಡ ನಾನು, ಬಿಸಿ ರೊಟ್ಟಿ ತಿನ್ನುತ್ತ ನಕ್ಕೆ. ನನ್ನ ಆ ನಗು ನೆನಪಾದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ಎರಡರ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಅವ್ವನ ಮುಷ್ಟಿಯಲ್ಲಿ ಪೈಪಿನ ನಡುಕ ನಿಂತಿತು. ಅವಳು ಎದ್ದು ನೋಡಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಮಾಸ್ಕು ಮುಖದ ಮೇಲಿರಲಿಲ್ಲ, ತಲೆದಿಂಬಿನ ಕೆಳಗಿತ್ತು. ಕೈ ಆಗಲೇ ತಣ್ಣಗಾಗಿತ್ತು.

ಬಂದವರೆಲ್ಲ ಹೃದಯ ನಿಂತಿತು, ಪುಣ್ಯವಂತ, ನಿದ್ದೆಯಲ್ಲೇ ಹೋದ ಎಂದರು. ಮಂದಿಯೆಲ್ಲ ಹೋಗಿ ಮನೆ ಖಾಲಿಯಾದ ದಿನ, ಅವ್ವ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ನೇತ್ರಾ, ನಿದ್ದಿಗಣ್ಣಾಗ ನಾನ ಪೈಪ ಜಗ್ಗಿದ್ನೇನ?"

"ಇಲ್ಲ ಬೇ. ಮಷೀನ್ ಕೆಟ್ಟಿತ್ತು."

"ಕೆಟ್ಟಿದ್ದಿಲ್ಲ. ಕರೆಂಟ್ ಹೋಗೂತನಾ ನನ್ನ ಕೈಯಾಗ ಗಾಳಿ ಓಡಾಕತ್ತಿತ್ತು. ಅವರ ಕೈ ಅಟ್ಟೊತ್ತಿಗಿ ತಣ್ಣಗಾಗಿತ್ತು. ನಾನ ಜಗ್ಗೇನಿ. ಈ ಕೈನ ಜಗ್ಗೇತಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಉಣ್ಣುವಾಗ ಆ ಕೈಯನ್ನು ಅನ್ನಕ್ಕೆ ಹಾಕಲು ಹಿಂದೆ ಮುಂದೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮಷೀನು ಎತ್ತಿಕೊಂಡು ಮುಧೋಳಕ್ಕೆ ಹೋದೆ. ಅದರೊಳಗೆ ದಿನದಿನದ ಲೆಕ್ಕ ಇಡುವ ಒಂದು ಕಾರ್ಡು ಇರುತ್ತದೆ. ರಾಜಕುಮಾರ ಅದನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದೇ ತಿಂಗಳು ಹಿಂದೆ ಸರಿಸಿ ನೋಡಿದ.

"ಅಕ್ಕಾರ, ಮಷೀನ್ ದಿನಾ ಆರ ತಾಸ ನಡದೈತ್ರಿ," ಎಂದ. "ಆದ್ರ ಮಾಸ್ಕ ಮಾರಿ ಮ್ಯಾಲ ಇದ್ದದ್ದು ಮೊದಲಿನ ನಲವತ್ತ ಮಿನಿಟ, ಅಷ್ಟ. ಮುಂದಿನ ಗಾಳಿ ಎಲ್ಲಾ ಹೊರಗ ಸೋರೇತಿ."

"ಸತ್ತ ದಿವಸನ?"

"ಇಲ್ರಿ, ದಿನಾ. ಇಲ್ಲಿ ನೋಡ್ರಿ, ಆಗಸ್ಟ್ ತಿಂಗಳಿಂದ. ಒಂದ ದಿವಸಾನೂ ತಪ್ಪಿಲ್ಲ. ಅವರ ಕೈಯಾರೆ ತಗದ ಇಡಾಕತ್ತಿದ್ರು."

ಅವನು ಬೆರಳಿಟ್ಟು ತೋರಿಸಿದ ತಾರೀಖು ಒಂದು ಸೋಮವಾರದ್ದು. ಕಟ್ಟೆಯ ಮೇಲೆ ನಾನು ಬಾಯಿಗೆ ಬಂದದ್ದು ಆಡಿದ ರವಿವಾರದ ಮರುದಿನ. ಅಪ್ಪ ಹೊರಳಿದರೆ ಪೈಪು ಸರಿಯುತ್ತದೆ, ಪೈಪು ಸರಿದರೆ ಅವ್ವ ಏಳುತ್ತಾಳೆ. ಮಷೀನು ಆರಿಸಿದರೆ ಅವಳ ಕೈಗೆ ಗೊತ್ತಾಗುತ್ತದೆ. ಅದಕ್ಕೇ ಅದನ್ನು ಓಡಲು ಬಿಟ್ಟು, ಮಾಸ್ಕು ಬಿಚ್ಚಿ ದಿಂಬಿನ ಕೆಳಗೆ ತುರುಕಿ, ಅವಳಿಗೆ ಕಾಣದಂತೆ ಗೋಡೆಯ ಕಡೆ ಮುಖ ಮಾಡಿ, ತನ್ನ ಗೊರಕೆ ತಾನು ಹೊಡೆಯುತ್ತ ಮಲಗುತ್ತಿದ್ದ. ನಡುವೆ ಉಸಿರು ಕಟ್ಟಿ ಗೊರಕೆ ನಿಂತರೂ ಅವ್ವನ ಮುಷ್ಟಿಯಲ್ಲಿ ಗಾಳಿ ನಡುಗುತ್ತಲೇ ಇತ್ತು. ಅವಳು ಏಳಲಿಲ್ಲ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತೆ. ಹೇಳದಿದ್ದರೆ ತಾನೇ ಕೊಂದೆ ಎಂದು ಕೊರಗಿ ಸಾಯುತ್ತಾಳೆ, ಹೇಳಿದರೆ ಏನಾಗುತ್ತದೋ ನನಗೆ ತಿಳಿಯಲಿಲ್ಲ.

ಹೇಳಿದೆ. ನಾನು ಅಪ್ಪನಿಗೆ ಆಡಿದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅದನ್ನು ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಅವ್ವ ಅಳಲಿಲ್ಲ. "ನಂಗ ನಿದ್ದಿ ಹತ್ತಿದ್ದು ಅವರಿಗೆ ಹೆಂಗ ತಿಳೀತಿತ್ತು?" ಎಂದು ಕೇಳಿದಳು. "ನಾ ಕಣ್ಣ ಮುಚ್ಕೊಂಡು ಎಚ್ಚರ ಇರತಿದ್ನಿ. ಹೆಂಗ ತಿಳೀತಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಮುಷ್ಟಿ ನೋಡಿಕೊಂಡಳು.

"ಹಿಡತ ಸಡ್ಲ ಆಗತಿತ್ತು," ಎಂದಳು.

ಸಡಿಲ ಎಳೆ ಕಂಡರೆ ಸಹಿಸದ ಮನುಷ್ಯ ದಿನಾ ನಲವತ್ತು ನಿಮಿಷ ಮಾಸ್ಕಿನೊಳಗೆ ಕಣ್ಣು ಬಿಟ್ಟುಕೊಂಡು ಅದಕ್ಕೇ ಕಾಯುತ್ತಿದ್ದ.

ಈಗ ಪೈಪಿಲ್ಲ, ಮಷೀನಿಲ್ಲ, ಎರಡನ್ನೂ ಮುಧೋಳಕ್ಕೆ ಹಿಂತಿರುಗಿಸಿ ಬಂದಿದ್ದೇನೆ. ತೊಲೆಯ ಮೊಳೆ ಹಾಗೇ ಇದೆ. ಅವ್ವ ಈಗಲೂ ಬೆಳಿಗ್ಗೆ ಒಂಬತ್ತಕ್ಕೇ ಹಾಸಿಗೆಗೆ ಹೋಗುತ್ತಾಳೆ, ಅದೇ ಮಗ್ಗುಲಿಗೆ, ಬಲಗೈ ಮುಷ್ಟಿ ಕಟ್ಟಿಕೊಂಡು. ಗೋಡೆಯಾಚೆ ಮಗ್ಗಗಳು ಓಡುತ್ತಿರುತ್ತವೆ. ರವಿವಾರ ನಾನು ಅವಳ ಹತ್ತಿರ ಕೂತು ಆ ಕೈಯನ್ನೇ ನೋಡುತ್ತೇನೆ. ಹತ್ತಾಗುತ್ತದೆ, ಹನ್ನೆರಡಾಗುತ್ತದೆ, ಎರಡಾಗುತ್ತದೆ. ಗಟ್ಟಿಯಾಗಿ ಬಿಗಿದ ಮುಷ್ಟಿ ಬಿಗಿದೇ ಇರುತ್ತದೆ.