ರುಕ್ಮಯ್ಯ ತೋರಿಸಿದ ಆಕಾಶದ ದಾರಿ

ಟಪಾಲು ರನ್ನರ್ ರುಕ್ಮಯ್ಯನ ಹತ್ತಿರ ದಾರಿ ಕೇಳುವುದೂ ಒಂದೇ, ಅವನನ್ನು ಜೊತೆಗೆ ಕಟ್ಟಿಕೊಳ್ಳುವುದೂ ಒಂದೇ. ಕೂತಲ್ಲಿಂದಲೇ ಕೈ ಎತ್ತಿ ಗಾಳಿಗೆ ದಾರಿ ತೋರಿಸಿ ಮತ್ತೆ ಬೀಡಿಗೆ ಬಾಯಿ ಕೊಡುವ ಜನ ಇದ್ದಾರಲ್ಲ, ಅಂಥವರನ್ನು ಹಿಡಿದು ಎರಡು ಬಾರಿಸಬೇಕು. ಅವರ ಮಾತು ನಂಬಿ ಮೂರು ಗುಡ್ಡ ಸುಮ್ಮನೆ ಹತ್ತಿಳಿದವನಿಗೇ ಆ ಸಂಕಟ ಗೊತ್ತು. ರುಕ್ಮಯ್ಯ ಅಂಥವನಲ್ಲ. ಹೆಗಲಿನ ಚೀಲ ಸರಿಮಾಡಿಕೊಂಡು ಕವಲಿನವರೆಗೆ ಬರುವವನು. ಕೇಳಿದವನು ಸರಿಯಾದ ದಾರಿಗೆ ಕಾಲಿಟ್ಟದ್ದನ್ನು ಕಣ್ಣಾರೆ ಕಂಡ ಮೇಲೆಯೇ ತಿರುಗುವವನು.

ಕಕ್ಕಿಂಜೆಯ ಕಡೆಯ ಟಪಾಲನ್ನು ಹತ್ತೊಂಬತ್ತು ವರ್ಷ ಬೆಳ್ತಂಗಡಿಗೆ ಹೊತ್ತಿದ್ದ. ಮಳೆಗಾಲದಲ್ಲಿ ಹಳ್ಳ ಉಕ್ಕಿದ ದಿನವೂ ಅವನ ಚೀಲ ತಡವಾದದ್ದಿಲ್ಲ. ವೇಣೂರು, ಮೂಡಬಿದಿರೆಯ ಕಡೆಗೂ ಬದಲಿಗೆ ಹೋಗಿ ಓಡಾಡಿದ್ದ. ದಾರಿ ತಪ್ಪಿದ ಎಂಬ ಮಾತೇ ಅವನ ಮೇಲೆ ಇರಲಿಲ್ಲ. ಅವನ ಆಸ್ತಿ ಅದು, ಜಂಬವೂ ಅದೇ. ಮನೆಯೊಳಗೆ ಉಪ್ಪಿನ ಭರಣಿ ಎಲ್ಲಿ ಉಂಟೆಂದು ತಿಳಿಯದವನಿಗೆ ಲೋಕದ ದಾರಿಯೆಲ್ಲ ಗೊತ್ತೆಂದು ಹೆಂಡತಿ ಸೇಸಮ್ಮ ನೆಂಟರ ಎದುರಿಗೇ ಹೇಳುತ್ತಿದ್ದಳು. ಅದನ್ನೂ ಅವನು ಹೊಗಳಿಕೆ ಎಂದೇ ತಿಳಿದಿದ್ದ.

ಸಾವಿರದ ಒಂಬೈನೂರ ಅರವತ್ತೊಂದರ ಡಿಸೆಂಬರ್. ಗೋವಾಕ್ಕೆ ನಮ್ಮ ಸೈನ್ಯ ಹೊರಟಿದೆಯಂತೆ ಎಂದು ಹೋಟೆಲುಗಳಲ್ಲೆಲ್ಲ ಅದೇ ಮಾತು. ಒಂದು ಬೆಳಿಗ್ಗೆ ರುಕ್ಮಯ್ಯ ಚೀಲ ಹೊತ್ತು ಕಕ್ಕಿಂಜೆ ದಾಟಿ ಬರುತ್ತಿರುವಾಗ, ಗುಡ್ಡದ ಮೇಲಿನ ಬಯಲಿಗೆ ಒಂದು ಪುಟ್ಟ ವಿಮಾನ ಮಂಜು ಸೀಳಿಕೊಂಡು ಇಳಿಯಿತು. ಮೇಯುತ್ತಿದ್ದ ದನಗಳು ಬಾಲ ಎತ್ತಿ ಓಡಿದವು. ರುಕ್ಮಯ್ಯ ಓಡಲಿಲ್ಲ. ಇಳಿದವನು ದಾರಿ ತಪ್ಪಿದವನೆಂದು ನೋಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು.

ಇಳಿದವರು ಘಟ್ಟದ ಮೇಲಿನ ಕಾಫಿ ತೋಟದ ಭರ್ಮೇಗೌಡರು. ವಿಮಾನ ಅವರದೇ. ಯಾವಾಗಲೂ ಅವರು ನೇತ್ರಾವತಿಯನ್ನೇ ಹಿಡಿದು, ಪಾಣೆಮಂಗಳೂರಿನ ಸೇತುವೆ ದಾಟಿ, ಕಡಲು ಕಂಡ ಮೇಲೆ ಬಲಕ್ಕೆ ತಿರುಗಿ ಬಜಪೆಯಲ್ಲಿ ಇಳಿಯುತ್ತಿದ್ದರಂತೆ. ಈಗ ಗೋವಾದ ದೆಸೆಯಿಂದ ಕಡಲ ಕರೆಯ ಆಕಾಶಕ್ಕೆ ಖಾಸಗಿ ವಿಮಾನ ಬರಲೇಬಾರದೆಂದು ಹುಕುಂ ಆಗಿತ್ತು. ವೇಣೂರಿನ ಮೇಲೆ ಬಂದು ಫಲ್ಗುಣಿ ಹೊಳೆಯ ಗುಂಟ ಬಜಪೆಗೆ ಇಳಿಯಬೇಕು, ಅದಕ್ಕೂ ಅಪ್ಪಣೆ ಆ ಬೆಳಿಗ್ಗೆ ಮಾತ್ರ. ಆ ದಾರಿಯೋ ಗೌಡರಿಗೆ ಹೊಸದು. ವೇಣೂರು ಯಾವ ಕಡೆ ಎಂದು ಕೇಳಿದರು.

ರುಕ್ಮಯ್ಯ ಹೇಳಿದ. ವೇಣೂರಿನ ಗುರುತು ಗೊಮ್ಮಟ. ಅವನ ಕಾಲ ಬುಡದಲ್ಲೇ ಹೊಳೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಆಯಿತು. ಹೇಳಿ ಮುಗಿಸಿದವನಿಗೆ ಕಾಲು ನಿಲ್ಲಲಿಲ್ಲ.

“ನಾನು ಬರ್ತೇನೆ ಗೌಡ್ರೇ. ಹೋಗುವ” ಎಂದ.

ಬಜಪೆಯಿಂದ ಬೆಳ್ತಂಗಡಿಗೆ ಕಾರು ಮಾಡಿ ಕಳಿಸುತ್ತೇನೆ, ನಡೆದು ಮುಟ್ಟುವ ಹೊತ್ತಿಗೇ ಮುಟ್ಟುತ್ತೀಯ ಎಂದು ಗೌಡರೂ ಹೇಳಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರುಕ್ಮಯ್ಯ ಹತ್ತಿ ಕೂತ.

ನೆಲ ಬಿಟ್ಟ ಮೇಲೆ ಅವನಿಗೆ ಒಂದೂ ಗುರುತು ಸಿಗಲಿಲ್ಲ. ಕಾಲಿಗೆ ಗೊತ್ತಿದ್ದ ಏರು, ತಗ್ಗು, ಕಲ್ಲು, ಕಟ್ಟೆ ಎಲ್ಲವೂ ಚಪ್ಪಟೆಯಾಗಿ ಮಂಜಿನ ಕೆಳಗೆ ಮಲಗಿದ್ದವು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಹತ್ತೊಂಬತ್ತು ವರ್ಷದ ಜಂಬ ಬಿಡಬೇಕಲ್ಲ. ಅಷ್ಟರಲ್ಲಿ ಮುಂದೆ, ಬಿಳಿ ಮಂಜಿನ ಮೇಲೆ, ಒಂದು ಕರಿಯ ತಲೆ, ಎರಡು ಅಗಲ ಹೆಗಲು ಕಂಡವು. ಎದೆಯ ಮಟ್ಟದ ನೀರಿನಲ್ಲಿ ಯಾರೋ ನಮಗೆ ಬೆನ್ನು ಹಾಕಿ ನಿಂತ ಹಾಗೆ. ರುಕ್ಮಯ್ಯನ ಜೀವ ತಣ್ಣಗಾಯಿತು. ವೇಣೂರು ಬಂತು, ಎಡಕ್ಕೆ ತಿರುಗಿಸಿ ಎಂದ.

ಗೌಡರು ಗಡಿಯಾರ ನೋಡಿದರು, ದಿಕ್ಸೂಚಿ ನೋಡಿದರು. ವೇಣೂರು ಇಷ್ಟು ದೂರ ಇರಲಾರದು, ಕೆಳಗೆ ಹೊಳೆಯಲ್ಲ, ಬಂಡೆ ಇದ್ದ ಹಾಗೆ ಕಾಣುತ್ತದೆ ಎಂದರು. ರುಕ್ಮಯ್ಯನಿಗೆ ಸಿಟ್ಟೇ ಬಂತು.

“ನಾನು ಹುಟ್ಟಿದಲ್ಲಿಂದ ಕಂಡ ಗೊಮ್ಮಟ ಗೌಡ್ರೇ. ನಿಮ್ಮ ಡಬ್ಬಿಗೆ ಗೊತ್ತುಂಟಾ?”

ಗೌಡರು ನಕ್ಕು ಎಡಕ್ಕೆ ತಿರುಗಿಸಿದರು.

ಅದು ಕಾರ್ಕಳದ ಗೊಮ್ಮಟ. ವೇಣೂರಿನವನು ಮಂಜಿನಲ್ಲಿ ಪೂರ್ತಿ ಮುಳುಗಿ ಎಂದೋ ಹಿಂದೆ ಉಳಿದಿದ್ದ. ಕಾರ್ಕಳಕ್ಕೆ ರುಕ್ಮಯ್ಯ ಜನ್ಮದಲ್ಲಿ ಹೋದವನೇ ಅಲ್ಲ. ಕೆಳಗೆ ಒಂದು ಹೊಳೆ ಕಂಡಿತು, ಫಲ್ಗುಣಿಯೇ ಎಂದುಕೊಂಡ. ಬಲಕ್ಕೆ ಮೂಡಬಿದಿರೆ ಕಾಣಬೇಕಿತ್ತು, ಕಾಣಲಿಲ್ಲ; ಮಂಜು ಎಂದುಕೊಂಡ. ಮಂಜು ಹರಿದಾಗ ಎದುರಿಗೆ ಇದ್ದದ್ದು ಮೂಲ್ಕಿಯ ಕಡಲು. ಕಡಲಿನಲ್ಲಿ ಬೂದು ಬಣ್ಣದ ಎರಡು ಯುದ್ಧದ ಹಡಗು.

ಗೌಡರ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ವಿಮಾನ ತಿರುಗಿಸಿ ಬಜಪೆಗೆ ತಂದು ಇಳಿಸಿದರು. ಪೊಲೀಸು ಜೀಪು ಆಗಲೇ ಓಡಿ ಬರುತ್ತಿತ್ತು.

“ನೋಡು ರುಕ್ಮಯ್ಯ, ನೀನು ಸರ್ಕಾರಿ ಕೆಲಸದವನು. ವಿಮಾನ ನೋಡೋ ಆಸೆಗೆ ಹತ್ತಿದೆ ಅಂತ ಹೇಳು, ಅಷ್ಟೇ. ಉಳಿದದ್ದು ನಾನು ನೋಡ್ಕೋತೀನಿ” ಎಂದರು ಗೌಡರು.

ಇನ್ಸ್‌ಪೆಕ್ಟರರ ಎದುರಿಗೆ ಠಾಣೆಯಲ್ಲಿ ಗೌಡರು, ನಕ್ಷೆ ತಪ್ಪು ಓದಿದೆ ಎಂದಷ್ಟೇ ಹೇಳಿದರು. ಇನ್ಸ್‌ಪೆಕ್ಟರರು ಒಪ್ಪಲಿಲ್ಲ. ಹುಕುಂ ಕಿಸೆಯಲ್ಲಿ, ನಕ್ಷೆ ತೊಡೆಯ ಮೇಲೆ, ದಿಕ್ಸೂಚಿ ಕಣ್ಣೆದುರಿಗೆ. ಓದಿದ ಮನುಷ್ಯ ಹಡಗು ನಿಂತಲ್ಲಿಗೇ ನೇರ ಹೋದರೆ ಅದನ್ನು ತಪ್ಪೆಂದು ಹೇಗೆ ನಂಬುವುದು? ಬೇಕೆಂದೇ ಹೋದದ್ದು ಎಂದು ಬರೆಯುತ್ತೇನೆ, ಲೈಸೆನ್ಸು ಹೋಗುತ್ತದೆ, ಮೇಲೆ ಕೇಸೂ ಆಗುತ್ತದೆ ಎಂದರು.

ರುಕ್ಮಯ್ಯ ಬಾಗಿಲ ಹತ್ತಿರದ ಬೆಂಚಿನಲ್ಲಿದ್ದ. ಸುಮ್ಮನಿದ್ದರೆ ಅವನಿಗೆ ಏನೂ ಆಗುವುದಿರಲಿಲ್ಲ. ಬಾಯಿ ಬಿಟ್ಟರೆ ಟಪಾಲು ಚೀಲ ಸಮೇತ ನಿಷೇಧದ ಜಾಗಕ್ಕೆ ಹೋದ ರನ್ನರನನ್ನು ಇಲಾಖೆ ಇಟ್ಟುಕೊಳ್ಳುತ್ತದೆಯೇ? ಊರಿನವರ ಬಾಯಿಯೋ, ಅದು ಬೇರೆ. ಗೌಡರ ಬಾಗಿದ ಕುತ್ತಿಗೆಯನ್ನು ನೋಡಿದ. ಮತ್ತೆ ಎದ್ದು ಹೋಗಿ ಚೀಲವನ್ನು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟ.

“ದಾರಿ ತಪ್ಪಿಸಿದ್ದು ನಾನು ಸ್ವಾಮಿ. ಗೌಡ್ರು ಬೇಡ ಬೇಡ ಅಂದರೂ ಕೇಳ್ಲಿಲ್ಲ.”

ನಡೆದದ್ದನ್ನು ಹೇಳಿದ. ಇನ್ಸ್‌ಪೆಕ್ಟರರು ಪೆನ್ನು ಕೆಳಗಿಟ್ಟರು.

“ಟಪಾಲು ಹೊರುವವ ನೀನು. ವೇಣೂರಿನ ಗೊಮ್ಮಟ ನಿನಗೆ ಗೊತ್ತಿಲ್ವಾ?”

“ಗೊತ್ತುಂಟು. ಅವನ ಕೆನ್ನೆಯಲ್ಲಿ ಗುಳಿ ಉಂಟು. ನಾನು ಮುಖ ನೋಡದೆ ಬೆನ್ನು ನೋಡಿ ಹೇಳಿದೆ.”

ಈ ಹೇಳಿಕೆ ನಿನ್ನ ಇಲಾಖೆಗೂ ಹೋಗುತ್ತದೆ, ಯೋಚಿಸು ಎಂದರು ಇನ್ಸ್‌ಪೆಕ್ಟರರು. ರುಕ್ಮಯ್ಯ ಮೂರನೇ ಕ್ಲಾಸಿನವನು. ಒಂದೊಂದೇ ಅಕ್ಷರ ಕೂಡಿಸಿ, ‘ದಾರಿ ತಪ್ಪಿದ್ದು ನನಗೆ’ ಎಂದು ತಾನೇ ಬರೆದು ಹೆಸರು ಹಾಕಿದ.

ಚೀಲ ಬೆಳ್ತಂಗಡಿ ಮುಟ್ಟುವಾಗ ಮರುದಿನವಾಗಿತ್ತು. ಗೌಡರ ಮೇಲೆ ಕೇಸು ಆಗಲಿಲ್ಲ. ಮೂರು ತಿಂಗಳು ಹಾರಬಾರದೆಂದು ಕಾಗದ ಬಂತು. ರುಕ್ಮಯ್ಯನಿಗೆ ಒಂದು ತಿಂಗಳು ಕೆಲಸ ಇಲ್ಲ, ಸಂಬಳವೂ ಇಲ್ಲ. ಆಮೇಲೆ ಮತ್ತೆ ಬರಬಹುದು ಎಂದಾಯಿತು. ಊರಿನವರು ಬಿಟ್ಟಾರೆಯೇ? ಅವನು ಮನೆಯಿಂದ ಬಾವಿಗೆ ಹೊರಟರೂ ಜೊತೆಗೆ ಜನ ಬೇಕಾ ಎಂದು ಕೇಳುವರು. ತಿಂಗಳಿಡೀ ತಲೆ ತಗ್ಗಿಸಿ ಕೇಳಿಸಿಕೊಂಡ.

ಕೆಲಸಕ್ಕೆ ಸೇರುವುದಕ್ಕೆ ಎರಡು ದಿನ ಉಂಟೆನ್ನುವಾಗ ಬೆಳಕು ಹರಿಯುವ ಮೊದಲೇ ಎದ್ದು ಹೋದವನು ಮರುದಿನ ಸಂಜೆ ಧೂಳು ಮೆತ್ತಿದ ಕಾಲಲ್ಲಿ ಬಂದ. ಎಲ್ಲಿಗೆ ಹೋದದ್ದು ಎಂದು ಸೇಸಮ್ಮ ಕೇಳಿದಳು. ಕಾರ್ಕಳಕ್ಕೆ ಎಂದ. ಅವಳು ಚೊಂಬಿನಲ್ಲಿ ನೀರು ತಂದುಕೊಟ್ಟಳು.

“ಹಿಂದಿನಿಂದ ನೋಡಿದರೆ ಇಬ್ಬರ ಹೆಗಲೂ ಒಂದೇ ಹಾಗೆ ಉಂಟು ಮಾರಾಯ್ತಿ” ಎಂದ.

“ಹಾಗಾದರೆ ಯಾರಾದರೂ ತಪ್ಪುತ್ತಿದ್ದರು ಬಿಡಿ.”

ರುಕ್ಮಯ್ಯ ನೀರು ಕುಡಿದು ಚೊಂಬು ಕೆಳಗಿಟ್ಟ.

“ಇಲ್ಲ. ಅಲ್ಲಿ ಕೆಳಗೆ ಬಂಡೆ ಉಂಟು. ಗೌಡ್ರು ಹೇಳಿದ್ದು ಸರಿ.”