ಬಾಣಂತಿ ಕೋಣೆಯ ಫರಸಿ

ನಮ್ಮ ಆಯಿಗೆ, ಅಂದರೆ ಅವ್ವನ ತಾಯಿಗೆ, ಈ ಲೋಕದಲ್ಲಿ ಇದ್ದದ್ದು ಒಬ್ಬನೇ ವೈರಿ: ಗಾಳಿ. ಅವ್ವ ಎರಡನೇ ಬಾಣಂತನಕ್ಕೆ ವಾಡಿಯಿಂದ ಚಿಂಚೋಳಿಯ ತವರಿಗೆ ಬಂದಾಗ, ಆಯಿ ಕೋಣೆಯ ಕಿಂಡಿಗಳಿಗೆಲ್ಲ ಹಳೇ ಸೀರೆ ತುರುಕಿದ್ದಳು. ಬಾಗಿಲ ಅಗಳಿ ಮುರಿದಿತ್ತು. ಅದಕ್ಕೆ ಒಳಗಿನಿಂದ ಒಂದು ದೊಡ್ಡ ಶಹಾಬಾದ ಫರಸಿ, ಅಂದರೆ ಚಪ್ಪಡಿ ಕಲ್ಲು, ಆನಿಸಿಡುತ್ತಿದ್ದಳು. ನಾನು ನಕ್ಕರೆ ಗದರುತ್ತಿದ್ದಳು.

ಹೈದರಾಬಾದ್ ರಾಜ್ಯ ಇನ್ನೂ ಇದ್ದ ಕಾಲ. ನನಗೆ ಎಂಟು ವರ್ಷ, ತಮ್ಮನಿಗೆ ಒಂಬತ್ತು ದಿನ. ಆ ಮಧ್ಯಾಹ್ನ ಆಯಿ ಕೂಸಿಗೆ ಎರೆದು ಲೋಬಾನದ ಹೊಗೆ ಹಾಕಿ ತೊಟ್ಟಿಲಲ್ಲಿ ಮಲಗಿಸಿದ್ದಳಷ್ಟೆ, ನೆಲದೊಳಗೆ ಗುಡುಗುಡು ಸದ್ದಾಯಿತು. ಅಪ್ಪ ವಾಡಿಯಲ್ಲಿ ರೈಲ್ವೆ ನೌಕರ, ನಾನು ಹಳಿಯ ಪಕ್ಕದಲ್ಲೇ ಬೆಳೆದವಳು. "ಆಯಿ, ಗೂಡ್ಸ್ ಗಾಡಿ ಬಂತು" ಅಂದೆ. ಚಿಂಚೋಳಿಯಲ್ಲಿ ರೈಲೇ ಇಲ್ಲವೆಂದು ಹೊಳೆಯುವಷ್ಟರಲ್ಲಿ ಗೋಡೆಗೂಡಿನ ಚಿಮಣಿ ದೀಪ ಕೆಳಗೆ ಬಿತ್ತು, ಮಾಳಿಗೆಯ ಚಾವಣಿಯ ಮಣ್ಣು ತೊಟ್ಟಿಲ ಮೇಲೆ ಸುರಿಯಿತು.

"ಭೂಮಿ ನಡಗಾಕತ್ತದ! ಹೊರಗ ನಡೀರಿ!" ಆಯಿ ಕೂಗಿದಳು.

ನಡೆಯುವುದೆಲ್ಲಿಗೆ? ಫರಸಿ ಜಾರಿ, ಬಾಗಿಲಿಗೂ ಮಂಚದ ಕಾಲಿಗೂ ನಡುವೆ ಸಿಕ್ಕಿಕೊಂಡಿತ್ತು. ಆಯಿ ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಅವ್ವ ಕೂಸನ್ನು ತೊಟ್ಟಿಲಿಂದ ಎತ್ತಿ ನನ್ನ ಕೈಗೆ ಕೊಟ್ಟು, ಹಸಿ ಬಾಣಂತಿ, ನೆಲದಲ್ಲಿ ಕೂತು ಎರಡೂ ಕಾಲಿನಿಂದ ಮಂಚವನ್ನು ಒದ್ದಳು. ಕಲ್ಲು ಸಡಿಲಾಯಿತು. ನಾವು ಅಂಗಳ ಮುಟ್ಟಿದ ಮೇಲೆ ಕೋಣೆಯ ಮೂಲೆ ಕುಸಿಯಿತು. ತಮ್ಮ ಕಿಟಾರನೆ ಅಳುತ್ತಿದ್ದ. ಆ ಅಳು ಕೇಳಿ ನನಗಾದ ಸಂತೋಷ ಇಂದಿಗೂ ನೆನಪಿದೆ.

ಆಯಿ ಫರಸಿ ಎಳೆದು ಕಿತ್ತುಹೋದ ತನ್ನ ಉಗುರು ನೋಡುತ್ತ ನಿಂತಿದ್ದಳು. ಆಮೇಲೆ ಎತ್ತಿನ ಬಂಡಿಯನ್ನು ಗೋಡೆಗಳಿಂದ ದೂರ, ಅಂಗಳದ ನಟ್ಟನಡುವೆ ನಿಲ್ಲಿಸಿ, ಸುತ್ತ ಕೌದಿ ಇಳಿಬಿಟ್ಟು, ಅದರ ಕೆಳಗೆ ಬಾಣಂತಿಗೆ ಹಾಸಿಗೆ ಹಾಸಿದಳು. ನೆರೆಮನೆಯಾಕೆ ಬಾಯಿ ಬಡಿದುಕೊಂಡಳು: "ಯಕ್ಕಾ, ಬಾಣಂತಿಗಿ ಗಾಳ್ಯಾಗ ಮಲಗಸ್ತಾರೇನು?"

"ಗಾಳಿ ಬಡದ್ರ ಕಷಾಯ ಅದ. ಗ್ವಾಡಿ ಬಿದ್ರ ಏನದ?"

ಗಾಳಿಯ ಪರವಾಗಿ ಆಯಿ ಮಾತಾಡಿದ್ದು ಅದೇ ಮೊದಲು. ಗೋಡೆ ಕಟ್ಟಲು ಗೌಂಡಿ ಬಂದಾಗ ಅವನ ತಲೆಯ ಮೇಲೆಯೇ ಕೂತಳು. ಸೋರದಿರಲೆಂದು ವರ್ಷ ವರ್ಷ ಮಾಳಿಗೆಗೆ ಹಾಕುತ್ತ ಬಂದ ಮಣ್ಣನ್ನು ಕೆರೆಸಿ ಹಗುರ ಮಾಡಿಸಿದಳು. ಮೂಲೆಗೆ ಗೋಡೆಯ ಒಳ-ಹೊರ ಎರಡೂ ಮೈ ಹಿಡಿಯುವ ಉದ್ದ ಕಲ್ಲು ಕೂಡಿಸಿದಳು. ಅವನು ಹೊಸ ಅಗಳಿ ತಂದರೆ ಮಾತ್ರ ವಾಪಸು ಕಳಿಸಿದಳು: "ಭೂಮಿ ನಡುಗೋ ಹೊತ್ತಿನ್ಯಾಗ ಅದೂ ಸಿಕ್ಕೊಂಡ್ರ?"

ಎರಡು ವರ್ಷಕ್ಕೆ ತಂಗಿ ಹುಟ್ಟಿದಳು. ಅದೇ ಕೋಣೆ. ಅಗಳಿಯಿಲ್ಲದ ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಆಯಿ ಒಳಗೆ ಬಂದು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಅಲ್ಲೇ ಊಟ, ಅಲ್ಲೇ ತೂಕಡಿಕೆ. ಎರಡು ದಿನ ನೋಡಿ ಅವ್ವನಿಗೆ ತಡೆಯಲಾಗಲಿಲ್ಲ.

"ಎವ್ವಾ, ಭಾಳ ಆತು. ಬೆನ್ನು ಮುರೀತದ. ಒಂದು ಕಲ್ಲರೆ ಇಡು."

"ಕಲ್ಲಿಗಿ ಏಳು ಅಂದ್ರ ಏಳ್ತದೇನು? ನಾ ಏಳ್ತೀನಿ."

ಈ ಸಲ ನಾನು ನಗಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.